ಎಪ್ಪತ್ತು ರೂಪಾಯಿಯ ಹಲ್ಲುಚಕ್ರ

ಬೈಕಿನ ಎಂಜಿನ್ ಕೆಟ್ಟರೆ ಓಣಿಗೆಲ್ಲ ಗೊತ್ತಾಗುತ್ತದೆ. ಬ್ರೇಕ್ ಕೆಟ್ಟರೆ ಓಡಿಸುವವನಿಗೆ ತಕ್ಷಣ ಗೊತ್ತಾಗುತ್ತದೆ. ಸ್ಪೀಡೋಮೀಟರ್ ನಿಂತರೆ ಮಾತ್ರ ಎಷ್ಟೋ ದಿನ ಯಾರ ಗಮನಕ್ಕೂ ಬರುವುದಿಲ್ಲ. ಮುಳ್ಳು ಸೊನ್ನೆಯ ಮೇಲೆ ಮಲಗಿರುತ್ತದೆ, ಗಾಡಿ ತನ್ನ ಪಾಡಿಗೆ ಓಡುತ್ತಿರುತ್ತದೆ. ನಮ್ಮ ಊರುಗಳಲ್ಲಿ ಹತ್ತು ವರ್ಷ ದಾಟಿದ ಬೈಕುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಮೀಟರ್ ನಿಂತಿರುವ ಗಾಡಿಗಳು ಎಷ್ಟು ಬೇಕಾದರೂ ಸಿಕ್ಕಾವು. ಬಹುಪಾಲು ಅವುಗಳಲ್ಲಿ ಕೆಟ್ಟಿರುವುದು ಮೀಟರ್ ಅಲ್ಲ. ಒಂದೋ ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಮುಂದಿನ ಚಕ್ರದ ಒಳಗೆ ಕೂತ ಒಂದು ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿರುತ್ತದೆ.

ನಾನು ಹೇಳಹೊರಟಿರುವುದು ಆ ಹಲ್ಲುಚಕ್ರದ ಬಗ್ಗೆ. ನನ್ನ ಅಪ್ಪನ 2001ರ ಹೀರೋ ಹೋಂಡಾ ಸ್ಪ್ಲೆಂಡರ್‌ನಲ್ಲಿ ಅದು ಸವೆದದ್ದು 2010ರ ಅಕ್ಟೋಬರಿನಲ್ಲಿ. ನಾನು ಅದನ್ನು ಬದಲಿಸಿದ್ದು ಈಚೆಗೆ, ಪುಣೆಯ ವಾಕಡ್‌ನಲ್ಲಿ. ನಡುವಿನ ವರ್ಷಗಳಲ್ಲಿ ಮೀಟರ್ ತೋರಿಸುತ್ತಿದ್ದದ್ದು ಒಂದೇ ಸಂಖ್ಯೆ: 81,746.

ಅಪ್ಪ ಪಶುಸಂಗೋಪನಾ ಇಲಾಖೆಯಲ್ಲಿ ವೆಟರ್ನರಿ ಇನ್ಸ್‌ಪೆಕ್ಟರ್ ಆಗಿದ್ದರು. ರಾಣೆಬೆನ್ನೂರಿನಲ್ಲಿ ನಮ್ಮ ಮನೆ. ಮೆಡ್ಲೇರಿ, ಹಲಗೇರಿ, ಐರಣಿ, ತುಮ್ಮಿನಕಟ್ಟಿ, ದೇವರಗುಡ್ಡ ಕಡೆಯ ಹಳ್ಳಿಗಳೆಲ್ಲ ಅವರ ಓಡಾಟದ ಜಾಗ. ಜನ ಕರೆಯುತ್ತಿದ್ದದ್ದು 'ದನದ ಡಾಕ್ಟರು' ಅಂತ. ತಾನು ಡಾಕ್ಟರ್ ಅಲ್ಲ ಅಂತ ಅವರು ಪ್ರತಿಸಲ ತಿದ್ದುತ್ತಿದ್ದರು, ಜನ ಪ್ರತಿಸಲ ಹಾಗೆಯೇ ಕರೆಯುತ್ತಿದ್ದರು. ಸ್ಪ್ಲೆಂಡರ್ ಬಂದಾಗ ನಾನು ಎಂಟನೇ ತರಗತಿ. ಅದಕ್ಕೂ ಮೊದಲು ಅವರ ಬಳಿ ಇದ್ದದ್ದು ಲೂನಾ. ಹೊಸ ಗಾಡಿಯ ಮೇಲೆ ನಮಗಿದ್ದ ಆಸೆ ಬೇರೆ, ಅಪ್ಪ ನೋಡುತ್ತಿದ್ದದ್ದು ಬೇರೆ. ಲೀಟರಿಗೆ ಎಷ್ಟು ಕೊಡುತ್ತದೆ, ಮಣ್ಣಿನ ರಸ್ತೆಯಲ್ಲಿ ಕೆಡುವುದಿಲ್ಲ ತಾನೇ, ಡಬ್ಬಿ ಕಟ್ಟಲು ಹಿಂದೆ ಕ್ಯಾರಿಯರ್ ಸಿಗುತ್ತದೆಯೇ. ಹೀರೋ ಹೋಂಡಾದ ಹಳೆಯ ಜಾಹೀರಾತಿನ 'ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್' ಅನ್ನುವ ಮಾತನ್ನು ಅಪ್ಪ ಅರ್ಧ ಮಾತ್ರ ಒಪ್ಪಿದ್ದರು. ತುಂಬಿಸುತ್ತಿದ್ದರು, ಮುಚ್ಚುತ್ತಿದ್ದರು, ಮರೆಯುತ್ತಿರಲಿಲ್ಲ. ಪ್ರತಿಸಲ ಪೆಟ್ರೋಲ್ ಹಾಕಿಸಿದಾಗ ಸಹಕಾರಿ ಬ್ಯಾಂಕಿನವರು ಕೊಟ್ಟ ಡೈರಿಯಲ್ಲಿ ತಾರೀಖು, ಲೀಟರ್, ದುಡ್ಡು, ಮೀಟರಿನ ಸಂಖ್ಯೆ ಬರೆಯುತ್ತಿದ್ದರು. ಪಕ್ಕದಲ್ಲಿ ಯಾವ ಊರಿಗೆ, ಯಾಕೆ ಅಂತ ಎರಡು ಪದ.

2020ರ ಮಾರ್ಚ್ ನಂತರ ಅಪ್ಪ ಗಾಡಿ ಮುಟ್ಟಲಿಲ್ಲ. ಮೊದಲು ಲಾಕ್‌ಡೌನ್ ಬಂತು, ಆಮೇಲೆ ಕಣ್ಣಿನ ಪೊರೆಯ ಆಪರೇಷನ್, ಅಷ್ಟರಲ್ಲಿ ಬಲಭುಜ ಹಿಡಿದುಕೊಂಡಿತು. ಪಕ್ಕದ ಮನೆಯ ಹುಡುಗ ವಾರಕ್ಕೊಮ್ಮೆ ಕಿಕ್ ಹೊಡೆದು ಎಂಜಿನ್ ಜೀವಂತ ಇಟ್ಟಿದ್ದ. ಮನೆಯಲ್ಲಿ ಅದನ್ನು ಮಾರುವ ಮಾತು ಬಂದಾಗಲೆಲ್ಲ ಅಪ್ಪ 'ಮಾರ್ರಿ' ಅನ್ನುತ್ತಿದ್ದರು, ಆದರೆ ಕೊಳ್ಳಲು ಬಂದವರಿಗೆ ಗಾಡಿಯ ಕೆಟ್ಟ ಗುಣಗಳನ್ನಷ್ಟೇ ಹೇಳಿ ಕಳಿಸುತ್ತಿದ್ದರು. ಕೊನೆಗೆ ಕಳೆದ ವರ್ಷ ನಾನೇ ಅದನ್ನು ಪುಣೆಗೆ ತಂದೆ. ಹುಬ್ಬಳ್ಳಿಯಲ್ಲಿ ಟ್ಯಾಂಕ್ ಖಾಲಿ ಮಾಡಿಸಿ, ಗೋಣಿಚೀಲದಲ್ಲಿ ಸುತ್ತಿಸಿ, ರೈಲಿನ ಪಾರ್ಸಲ್‌ನಲ್ಲಿ ಹಾಕಿದೆ. ಪುಣೆ ಸ್ಟೇಷನ್ನಿನಲ್ಲಿ ಇಳಿದಾಗ ಒಂದು ಇಂಡಿಕೇಟರ್ ಮಾತ್ರ ಮುರಿದಿತ್ತು.

ಬೇರೆ ರಾಜ್ಯಕ್ಕೆ ಗಾಡಿ ಒಯ್ದು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಮತ್ತೆ ನೋಂದಣಿ ಮಾಡಿಸಬೇಕು. ನಮ್ಮಂಥ ವಲಸಿಗರಿಗೆಲ್ಲ ಬಾಯಿಪಾಠವಾದ ನಿಯಮ ಇದು. ಊರಿನ ಆರ್.ಟಿ.ಓ.ದಿಂದ ಎನ್.ಓ.ಸಿ. ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಜೊತೆಗೆ ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣ, ಅದಕ್ಕೆ ತಪಾಸಣೆ. ಕೆಎ-27 ಹೋಗಿ ಎಂಎಚ್-14 ಬರುವ ಹೊತ್ತು. ನನ್ನ ಕಾಗದಪತ್ರ ನೋಡುತ್ತಿದ್ದ ಏಜೆಂಟ್ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಸಗಳ ಠೀಕ್ ಆಹೆ, ಮೀಟರ್ ಚಾಲೂ ಕರಾ" ಅಂದ. ಎಲ್ಲ ಸರಿ ಇದೆ, ಮೀಟರ್ ಒಂದು ಓಡಿಸಿಬಿಡಿ ಅಂತ. ತಪಾಸಣೆಗೆ ಹೋಗುವ ಗಾಡಿಯ ಸ್ಪೀಡೋಮೀಟರ್ ಕೆಲಸ ಮಾಡಬೇಕು. ಅದು ನ್ಯಾಯವಾದ ಮಾತೇ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಮೀಟರ್ ಯಾಕೆ ರಿಪೇರಿ ಮಾಡಿಸಿರಲಿಲ್ಲ ಅಂತ ಕೇಳಿದೆ.

"ಕಿಲೋಮೀಟರ್ ಬೇಕಾಗಿದ್ದು ಟಿ.ಎ. ಬಿಲ್ಲಿಗೆ. ರಿಟೈರ್ ಆಗಾಕ ಏಳೆಂಟು ತಿಂಗಳಿತ್ತು. ಯಾ ಊರು ಎಷ್ಟು ದೂರ ಅಂತ ಬಾಯಾಗ ಇತ್ತು. ಮತ್ತ ಯಾಕ ಬಿಚ್ಚಸೂದು ಅಂತ ಬಿಟ್ಟೆ."

"ರಿಟೈರ್ ಆದ ಮೇಲೂ ಹತ್ತು ವರ್ಷ ಓಡಿಸಿದಿರಲ್ಲ?"

"ಆಮ್ಯಾಲ ಯಾರಿಗೆ ತೋರಸೂದಿತ್ತು? ಲೆಕ್ಕ ಸರ್ಕಾರಕ್ಕ ಬೇಕಾಗಿತ್ತು. ಆಕಳಿಗೆ ಬ್ಯಾಡಾಗಿತ್ತು."

ಮರುದಿನದಿಂದ ನಾನು ಮೀಟರಿನ ಬೆನ್ನು ಹತ್ತಿದೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಇಂದಿನ ಡಿಜಿಟಲ್ ಮೀಟರ್‌ಗಳಿಗೆ ಚಕ್ರದ ಬಳಿಯೋ ಗೇರ್‌ಬಾಕ್ಸಿನ ಬಳಿಯೋ ಸೆನ್ಸರ್ ಇರುತ್ತದೆ. ಹಳೆಯ ಗಾಡಿಗಳಲ್ಲಿ ವಿದ್ಯುತ್ತಿನ ಪಾತ್ರವೇ ಇಲ್ಲ. ಮುಂದಿನ ಚಕ್ರ ತಿರುಗಿದಾಗ ಹಬ್ಬಿನ ಕಚ್ಚುಗಳು ಬ್ರೇಕ್ ಪ್ಲೇಟಿನ ನಡುವೆ ಕೂತ ಪ್ಲಾಸ್ಟಿಕ್ ಹಲ್ಲುಚಕ್ರವನ್ನು ತಿರುಗಿಸುತ್ತವೆ. ಅದಕ್ಕೆ ಅಡ್ಡಲಾಗಿ ಒಂದು ಸಣ್ಣ ಪಿನಿಯನ್ ಕಚ್ಚಿಕೊಂಡಿರುತ್ತದೆ. ಪಿನಿಯನ್ನಿನ ತುದಿಗೆ ಕೇಬಲ್. ಕಪ್ಪು ಹೊದಿಕೆಯ ಒಳಗೆ ಹೆಣೆದ ಉಕ್ಕಿನ ತಂತಿ ಗಿರಗಿರ ತಿರುಗುತ್ತ ಹ್ಯಾಂಡಲ್ ತನಕ ಹೋಗುತ್ತದೆ. ಮೀಟರಿನೊಳಗೆ ಆ ತಂತಿ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಆಯಸ್ಕಾಂತದ ಪಕ್ಕದಲ್ಲಿ, ಅದಕ್ಕೆ ತಾಗದ ಹಾಗೆ, ಅಲ್ಯೂಮಿನಿಯಂ ಬಟ್ಟಲೊಂದು ಇರುತ್ತದೆ. ತಿರುಗುವ ಆಯಸ್ಕಾಂತ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಅದನ್ನು ತನ್ನ ಜೊತೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟದಲ್ಲಿ ಮುಳ್ಳು ನಿಲ್ಲುವ ಜಾಗವೇ ವೇಗ. ಜರ್ಮನಿಯ ಒಟ್ಟೊ ಶುಲ್ಟ್ಸೆ ಇದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ನೂರು ವರ್ಷದ ನಂತರವೂ ಅಪ್ಪನ ಸ್ಪ್ಲೆಂಡರ್‌ನಲ್ಲಿ ಅದೇ ತತ್ವ. ಕಿಲೋಮೀಟರ್ ಎಣಿಸುವ ಓಡೋಮೀಟರಿಗೆ ಮಾತ್ರ ಆಯಸ್ಕಾಂತ ಬೇಕಿಲ್ಲ. ಅದೇ ಕೇಬಲ್ಲಿನ ತಿರುಗುವಿಕೆಯನ್ನು ಸಣ್ಣ ಸಣ್ಣ ಗೇರುಗಳಿಂದ ಇಳಿಸುತ್ತ ಇಳಿಸುತ್ತ ಅಂಕಿಯ ಉರುಳೆಗಳನ್ನು ತಿರುಗಿಸುತ್ತಾರೆ.

ಹಾಗಾಗಿ ಮುಳ್ಳು, ಅಂಕಿ ಎರಡೂ ಒಟ್ಟಿಗೆ ನಿಂತಿದ್ದರೆ ತಪ್ಪು ಸಾಮಾನ್ಯವಾಗಿ ಮೀಟರಿನ ಕೆಳಗಿರುತ್ತದೆ. ಪತ್ತೆ ಮಾಡುವುದು ಸುಲಭ. ಮೀಟರಿನ ಅಡಿಯ ನಟ್ಟನ್ನು ಕೈಯಲ್ಲೇ ಸಡಿಲಿಸಿ ಕೇಬಲ್ ಹೊರತೆಗೆಯಿರಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಅಡಿಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿ, ಕೈಯಿಂದ ತಿರುಗಿಸಿ. ಮೇಲಿನ ತುದಿಯಲ್ಲಿ ತಂತಿ ತಿರುಗಿದರೆ ದೋಷ ಮೀಟರಿನದು. ತಿರುಗದಿದ್ದರೆ ಕೆಳಗಿನ ತುದಿಯನ್ನೂ ಬಿಚ್ಚಿ, ತಂತಿಯನ್ನು ಪೂರ್ತಿ ಹೊರಗೆಳೆದು ನೋಡಿ. ತುಂಡಾಗಿದ್ದರೆ ಹೊಸ ಕೇಬಲ್. ಅಖಂಡವಾಗಿದ್ದರೆ ಹಲ್ಲುಚಕ್ರ ಸವೆದಿದೆ ಅಂತ ಹೆಚ್ಚುಕಡಿಮೆ ಖಚಿತ. ನಮ್ಮದು ಅಖಂಡವಾಗಿತ್ತು, ಆದರೆ ಒಣಗಿ ತುಕ್ಕು ಹಿಡಿದಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯಲ್ಲಿ ಒಂದು ಗ್ಯಾರೇಜ್ ಇದೆ. ನಡೆಸುವ ಹುಡುಗ ಅಕ್ಕಲಕೋಟೆ ಕಡೆಯವನು. ಗಿರಾಕಿಗಳ ಜೊತೆ ಮರಾಠಿ, ಫೋನಿನಲ್ಲಿ ತಾಯಿಯ ಜೊತೆ ಕನ್ನಡ. ನಾನು ಕನ್ನಡದಲ್ಲಿ ಮಾತು ತೆಗೆದ ದಿನದಿಂದ ನನ್ನ ಗಾಡಿಗೆ ಅಲ್ಲಿ ನೆರಳಿನ ಜಾಗ ಸಿಕ್ಕಿದೆ. ಅವನು ಆಕ್ಸಲ್ ಎಳೆದು, ಚಕ್ರ ಇಳಿಸಿ, ಬ್ರೇಕ್ ಪ್ಲೇಟ್ ಹೊರತೆಗೆದ. ಬ್ರೇಕಿನ ಪುಡಿಯನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ನೋಡಿ ಸಂತೋಷವಾಯಿತು. ಹಳೆಯ ಶೂಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಡುವಿನ ಸೀಲ್ ಕಿತ್ತಾಗ ಒಳಗಿದ್ದದ್ದು ಗ್ರೀಸ್ ಅಲ್ಲ, ಕರಿ ಮೇಣದಂಥ ಗಟ್ಟಿ. ಅದರೊಳಗಿಂದ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದ ಚಕ್ರ ಒಂದು ಕಾಲಕ್ಕೆ ಬಿಳಿ ಇದ್ದಿರಬೇಕು, ಈಗ ತಂಬಾಕಿನ ಬಣ್ಣ. ಸುತ್ತಲೂ ಹಲ್ಲುಗಳಿದ್ದ ಜಾಗ ನುಣ್ಣಗಾಗಿತ್ತು. ಮುದುಕರ ವಸಡಿನ ಹಾಗೆ.

"ಸರ್, ಇದು ಒಂದs ದಿನಕ್ಕ ಹೋಗಿದ್ದಲ್ಲ" ಅಂದ ಹುಡುಗ. "ಕೇಬಲ್ ಒಣಗೇದ, ಬಿಗಿ ಆಗೇದ, ಇದು ಜಗ್ಗಿ ಜಗ್ಗಿ ಹಲ್ಲು ಕಳಕೊಂಡದ."

ಅವನ ಮಾತು ಸರಿ. ಈ ಚಕ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುವುದು ಬರೀ ಕಂಜೂಸಿತನಕ್ಕಲ್ಲ. ನೈಲಾನ್ ಜಾತಿಯ ಪ್ಲಾಸ್ಟಿಕ್ ಸದ್ದಿಲ್ಲದೆ ತಿರುಗುತ್ತದೆ, ಕಡಿಮೆ ಗ್ರೀಸಿನಲ್ಲೂ ನಿಭಾಯಿಸುತ್ತದೆ, ಅಚ್ಚಿನಲ್ಲಿ ಒಂದೇ ಏಟಿಗೆ ತಯಾರಾಗುತ್ತದೆ. ಜೊತೆಗೆ ಮೇಲೆ ಮೀಟರ್ ಬಿಗಿಯಾದರೆ, ಕೇಬಲ್ ಹಿಡಿದುಕೊಂಡರೆ, ಆ ಜಗ್ಗಾಟಕ್ಕೆ ಮೊದಲು ಸೋಲುವುದು ಇದೇ. ಉಕ್ಕಿನ ಹಲ್ಲು ಹಾಕಿದ್ದರೆ ಕೇಬಲ್ಲೋ ಮೀಟರೋ ಮುರಿಯುತ್ತಿತ್ತು. ಅಗ್ಗದ್ದು ಸವೆದು ದುಬಾರಿಯದನ್ನು ಉಳಿಸುತ್ತದೆ. ಸವೆಯುವುದೂ ಅದರ ಕೆಲಸದ ಒಂದು ಭಾಗ.

ಎಷ್ಟು ದುಡಿದಿರಬಹುದು ಅಂತ ಲೆಕ್ಕ ಹಾಕಿದೆ. ಸ್ಪ್ಲೆಂಡರಿನ ಟಯರ್ 2.75-18. ಒಂದು ಸುತ್ತಿಗೆ ಸುಮಾರು 1.85 ಮೀಟರ್, ಅಂದರೆ ಕಿಲೋಮೀಟರಿಗೆ ಸುಮಾರು 540 ಸುತ್ತು. ಅಪ್ಪನ ಡೈರಿಯ ಪ್ರಕಾರ ಮೊದಲ ಹಲ್ಲುಚಕ್ರವನ್ನು 2006ರಲ್ಲಿ ಬದಲಿಸಿದ್ದರು, ಮೀಟರ್ 43,000 ತೋರಿಸುವಾಗ. 'ಮೀಟರ್ ವರ್ಮ್, 35 ರೂ.' ಅಂತ ನಮೂದಾಗಿದೆ. ಎರಡನೆಯದು 81,746ರ ತನಕ ಬಾಳಿತು. 38,000 ಕಿಲೋಮೀಟರಿಗೂ ಹೆಚ್ಚು. ಎರಡು ಕೋಟಿ ಸುತ್ತು ತಿರುಗಿ ಹಲ್ಲುದುರಿದ ವಸ್ತುವಿನ ಮೇಲೆ ಯಾರೂ ದೂರು ಹೇಳುವಂತಿಲ್ಲ.

ಬದಲಿಗೆ ಏನು ಹಾಕುವುದು ಅನ್ನುವ ಪ್ರಶ್ನೆಗೆ ಮೂರು ಉತ್ತರ ಬಂದವು. ಗ್ಯಾರೇಜಿನ ಹುಡುಗನ ಸಹಾಯಕ, ಅರಾಲ್ಡೈಟ್ ತುಂಬಿ ಹಲ್ಲು ಕೊರೆದುಕೊಡುತ್ತೇನೆ ಅಂದ. ಎಣ್ಣೆ ಕುಡಿದ ನೈಲಾನಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಅಂಟಿಸಿದ ಹಲ್ಲಿನ ಚೂರು ಕಿತ್ತು ಬ್ರೇಕ್ ಡ್ರಮ್ಮಿನೊಳಗೆ ಬಿದ್ದರೆ ಇನ್ನೂ ಕಷ್ಟ. ಅದು ಬೇಡವಾಯಿತು. ಆಫೀಸಿನ ಗೆಳೆಯನೊಬ್ಬನ ಮನೆಯಲ್ಲಿ ತ್ರೀ-ಡಿ ಪ್ರಿಂಟರ್ ಇದೆ. ಅವನು ಶನಿವಾರ ಬಂದು ಹಳೆಯ ಚಕ್ರದ ಅಳತೆ ತೆಗೆದುಕೊಂಡು, ಸೋಮವಾರ ಹಸಿರು ಬಣ್ಣದ ಹೊಸದೊಂದನ್ನು ತಂದುಕೊಟ್ಟ. ನೋಡಲು ಚೆಂದ. ಆದರೆ ಅದು ಪಿ.ಎಲ್.ಎ. ಅನ್ನುವ ಪ್ಲಾಸ್ಟಿಕ್, 60 ಡಿಗ್ರಿ ಹತ್ತಿರ ಮೆತ್ತಗಾಗುವಂಥದು. ಘಾಟ್ ಇಳಿಯುವಾಗ ಬ್ರೇಕ್ ಹಿಡಿದರೆ ಡ್ರಮ್ ಅದಕ್ಕಿಂತ ಹೆಚ್ಚು ಕಾಯಬಹುದು. ಪದರ ಪದರವಾಗಿ ಕಟ್ಟಿದ ಹಲ್ಲು ಪದರದ ಗೆರೆಯಲ್ಲೇ ಸೀಳುವ ಸಾಧ್ಯತೆಯೂ ಇದೆ. ಗೆಳೆಯನಿಗೂ ಅದು ಗೊತ್ತಿತ್ತು. "ಎಲ್ಲೂ ಸಿಗದಿದ್ದರೆ ನೈಲಾನಿನಲ್ಲಿ ಮಾಡಿಸೋಣ, ಇದು ಅಳತೆಗೆ" ಅಂದ. ತಯಾರಿಕೆ ನಿಂತುಹೋದ ಗಾಡಿಗಳಿಗೆ ಈ ದಾರಿ ನಿಜಕ್ಕೂ ದೊಡ್ಡ ಸಹಾಯ. ಸ್ಪ್ಲೆಂಡರಿಗೆ ಆ ಗತಿ ಇನ್ನೂ ಬಂದಿಲ್ಲ.

ಮೂರನೆಯ ಉತ್ತರ ನಾನಾ ಪೇಟೆ. ಪುಣೆಯಲ್ಲಿರುವ ನಿಮಗೆ ಹೇಳಬೇಕಿಲ್ಲ, ಬಿಡಿಭಾಗಕ್ಕೆ ಎಲ್ಲರೂ ಹೋಗುವುದು ಅಲ್ಲಿಗೇ. ಬೇರೆ ಊರಿನವರು ಬೆಂಗಳೂರಿನ ಜೆ.ಸಿ. ರಸ್ತೆಯನ್ನು ನೆನೆಸಿಕೊಂಡರೆ ಸಾಕು. ಅಂಗಡಿಯಾತ ನನ್ನ ಕೈಯಲ್ಲಿದ್ದ ಹಲ್ಲಿಲ್ಲದ ಚಕ್ರ ನೋಡಿದವನೇ, "ಓರಿಜಿನಲ್ ಪಾಹಿಜೆ ಕಿ ಲೋಕಲ್?" ಅಂದ. ಎರಡನ್ನೂ ಗಾಜಿನ ಮೇಲೆ ಇಟ್ಟ. ಲೋಕಲ್ ಚಕ್ರದ ಅಂಚಿನಲ್ಲಿ ಅಚ್ಚಿನ ಗೆರೆ ಉಗುರಿಗೆ ತಗಲುತ್ತಿತ್ತು, ಬೆರಳಿನಲ್ಲಿ ಒತ್ತಿದರೆ ಬಾಗುತ್ತಿತ್ತು. ಇನ್ನೊಂದು 70 ರೂಪಾಯಿ. ಜೊತೆಯಲ್ಲಿ ಬಂದಿದ್ದ ಮಗಳು ಎರಡರ ಹಲ್ಲುಗಳನ್ನೂ ಎಣಿಸಿದಳು. ಇದು ಆಟವಲ್ಲ, ಮಾಡಲೇಬೇಕಾದ ಕೆಲಸ. ಡ್ರಮ್ ಬ್ರೇಕಿನ ಗಾಡಿಗಳ ಚಕ್ರಗಳು ಒಂದೇ ಥರ ಕಂಡರೂ ಹಲ್ಲಿನ ಸಂಖ್ಯೆ ಬೇರೆ ಇದ್ದರೆ ಮೀಟರ್ ಜೀವನಪೂರ್ತಿ ಸುಳ್ಳು ಹೇಳುತ್ತದೆ. ಹೊಸ ಕೇಬಲ್, ಸೀಲ್, ಒಂದು ಸಣ್ಣ ಡಬ್ಬಿ ಲಿಥಿಯಂ ಗ್ರೀಸ್ ಸೇರಿಸಿ ಒಟ್ಟು 300ರ ಒಳಗೆ ಮುಗಿಯಿತು.

ಜೋಡಿಸುವಾಗ ಗಮನಿಸಬೇಕಾದದ್ದು ಮೂರು. ಪಿನಿಯನ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಇಲ್ಲದಿದ್ದರೆ ಹೊಸ ಚಕ್ರವೂ ಬೇಗ ಹಲ್ಲು ಕಳೆದುಕೊಳ್ಳುತ್ತದೆ. ಹಲ್ಲುಚಕ್ರದ ಕಿವಿಗಳು ಹಬ್ಬಿನ ಕಚ್ಚುಗಳಿಗೆ ಕೂತ ಮೇಲಷ್ಟೇ ಬ್ರೇಕ್ ಪ್ಲೇಟ್ ಒತ್ತಬೇಕು. ಕೂರದೆ ಆಕ್ಸಲ್ ಬಿಗಿದರೆ 70 ರೂಪಾಯಿ ಅಲ್ಲೇ ಪುಡಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬ್ರೇಕ್ ಪ್ಲೇಟಿನ ಗಾಡಿ ಫೋರ್ಕಿನ ಕಾಲಿನ ಮೇಲಿರುವ ಗುಬುಟಿನಲ್ಲಿ ಕೂತಿರಲೇಬೇಕು. ಅದು ತಪ್ಪಿದರೆ ಬ್ರೇಕ್ ಹಿಡಿದ ಕ್ಷಣ ಪ್ಲೇಟೇ ತಿರುಗಿ ಮುಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಮೀಟರ್ ಇಲ್ಲದೆ ಹತ್ತು ವರ್ಷ ಓಡಿಸಬಹುದು, ಇದನ್ನು ಬಿಟ್ಟು ಹತ್ತು ಅಡಿ ಓಡಿಸಬಾರದು. ಗ್ಯಾರೇಜಿನ ಹುಡುಗ ಕೂರಿಸಿದ ಮೇಲೆ ನನ್ನ ಬೆರಳನ್ನೂ ಅಲ್ಲಿ ಇಡಿಸಿ ಖಾತ್ರಿ ಮಾಡಿಸಿದ.

ಇಷ್ಟರ ನಡುವೆ ಇನ್ನೊಂದು ವಿಷಯ ತಲೆಯಲ್ಲಿ ಕೂತಿತ್ತು. 81,746 ಅನ್ನುವುದು ಗಾಡಿಯ ನಿಜವಾದ ಓಟವಲ್ಲ. ಆ ಅಂಕಿಯ ಮೇಲೆ ಇನ್ನೂ ಹತ್ತು ವರ್ಷ ಓಡಿದೆ. ಆಫೀಸಿನಲ್ಲಿ ನನ್ನ ಕೆಲಸವೇ ಡೇಟಾ. ಸೆನ್ಸರ್ ನಿಂತ ಕಾಲದ ಅಂಕಿಗಳನ್ನು ಬೇರೆ ಸಾಕ್ಷ್ಯದಿಂದ ಅಂದಾಜು ಮಾಡುವುದು ನಮಗೆ ದಿನನಿತ್ಯದ ಮಾತು. ಇಲ್ಲಿ ಸಾಕ್ಷ್ಯ ಇತ್ತು. ಅಪ್ಪ ಮೀಟರ್ ನಿಂತ ಮೇಲೂ ಡೈರಿ ನಿಲ್ಲಿಸಿರಲಿಲ್ಲ. ಕಿಲೋಮೀಟರಿನ ಕಾಲಂ ಖಾಲಿ, ಲೀಟರ್ ಮತ್ತು ದುಡ್ಡಿನ ಕಾಲಂ ಭರ್ತಿ. ತಮ್ಮನಿಗೆ ಹೇಳಿ ಎಲ್ಲ ಪುಟಗಳ ಫೋಟೋ ತರಿಸಿಕೊಂಡು ಎರಡು ರಾತ್ರಿ ಕೂತು ಎಕ್ಸೆಲ್‌ಗೆ ಇಳಿಸಿದೆ.

2010ರ ಅಕ್ಟೋಬರಿನಿಂದ 2020ರ ಮಾರ್ಚ್ ತನಕ ಹಾಕಿಸಿದ ಪೆಟ್ರೋಲ್ ಒಟ್ಟು 1,046 ಲೀಟರ್. ಮೀಟರ್ ಓಡುತ್ತಿದ್ದ ಕಾಲದಲ್ಲಿ ಗಾಡಿ ಸರಾಸರಿ 62 ಕಿ.ಮೀ. ಕೊಡುತ್ತಿತ್ತು. ವಯಸ್ಸಾದ ಎಂಜಿನ್ ಅಂತ 55ಕ್ಕೆ ಇಳಿಸಿದರೂ 57,000 ಕಿ.ಮೀ. ದಾಟುತ್ತದೆ, 62 ಹಿಡಿದರೆ 65,000ದ ಹತ್ತಿರ. ಅಂದರೆ ಗಾಡಿಯ ನಿಜವಾದ ಓಟ 1,39,000ಕ್ಕೂ 1,47,000ಕ್ಕೂ ನಡುವೆ ಎಲ್ಲೋ ಇದೆ.

ಒಟ್ಟು ಮೊತ್ತಕ್ಕಿಂತ ವರ್ಷವಾರು ಪಟ್ಟಿ ನನ್ನನ್ನು ಹಿಡಿದು ನಿಲ್ಲಿಸಿತು. 2011ರಲ್ಲಿ 171 ಲೀಟರ್. ಆ ವರ್ಷದ ಮೇ ತಿಂಗಳಲ್ಲಿ ಅಪ್ಪ ನಿವೃತ್ತರಾದರು. 2012ರಲ್ಲಿ 124ಕ್ಕೆ ಇಳಿದಿದೆ. ಇನ್ನೂ ಇಳಿಯಬೇಕಿತ್ತು. 2013ರಲ್ಲಿ ಮತ್ತೆ 164. ನಿವೃತ್ತ ಮನುಷ್ಯ, ಮನೆಯಲ್ಲಿ ನಾನಾಗಲಿ ತಮ್ಮನಾಗಲಿ ಇಲ್ಲ, ನೌಕರಿಯ ಕಾಲದಷ್ಟೇ ಪೆಟ್ರೋಲ್ ಎಲ್ಲಿಗೆ ಹೋಯಿತು?

ಪಕ್ಕದ ಎರಡು ಪದಗಳು ಉತ್ತರ ಹೇಳಿದವು. 2013 ಕರ್ನಾಟಕದಲ್ಲಿ ಕಾಲುಬಾಯಿ ರೋಗ ಜೋರಾಗಿ ಹಬ್ಬಿ ಸಾವಿರಾರು ದನಗಳು ಸತ್ತ ವರ್ಷ. ಆ ವರ್ಷ ದಸರೆಯ ಆಚೀಚಿನ ಪುಟಗಳಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಊರು. 'ಐರಣಿ, ಬಾಯಿ ಹುಣ್ಣು, 4.' 'ಹಲಗೇರಿ, ಗೊರಸು.' 'ಮೆಡ್ಲೇರಿ, ಎತ್ತು 1 ಹೋಯ್ತು.' ಉಳಿದ ವರ್ಷಗಳಲ್ಲೂ ಅದೇ ಧಾಟಿ, ಸ್ವಲ್ಪ ವಿರಳ. 'ಎಮ್ಮೆ, ಕರು ಅಡ್ಡ.' 'ಕೆಚ್ಚಲು ಬಾವು.' 'ಆಕಳು, ಪ್ಲಾಸ್ಟಿಕ್ ತಿಂದದ್ದು.' 2018ರಲ್ಲಿ 57 ಲೀಟರ್, 2019ರಲ್ಲಿ 41, 2020ರಲ್ಲಿ ಕೊನೆಯ 4. ದುಡ್ಡು ಕೊಟ್ಟ ಕಾಲಂ ಉದ್ದಕ್ಕೂ ಇದೆ. ಬಂದ ದುಡ್ಡಿಗೆ ಕಾಲಂ ಎಲ್ಲೂ ಇಲ್ಲ.

ಆ ವರ್ಷಗಳಲ್ಲಿ ನಾನು ಪ್ರತಿ ಭಾನುವಾರ ಮನೆಗೆ ಫೋನ್ ಮಾಡುತ್ತಿದ್ದೆ. ಏನು ಮಾಡುತ್ತಿದ್ದೀರಿ ಅಂದರೆ ಅಪ್ಪ ಹೇಳುತ್ತಿದ್ದದ್ದು "ಏನಿಲ್ಲ, ಅರಾಮ್ ಅದೀನಿ" ಅಂತ. ಈ ಸಲ ಪಟ್ಟಿ ಮುಂದಿಟ್ಟುಕೊಂಡು ಕೇಳಿದೆ.

"ಇಂಜೆಕ್ಷನ್ ಕೊಡಾಕ ನನಗ ಅಧಿಕಾರ ಇರಲಿಲ್ಲ" ಅಂದರು ಅಪ್ಪ. "ಹೋಗಿ ನೋಡತಿದ್ದೆ. ಡಾಕ್ಟರಿಗೆ ಫೋನ್ ಹಚ್ಚಿ ಹೇಳತಿದ್ದೆ. ಅವರು ಬರೂತನಕ ಪರ್ಮಾಂಗನೇಟ್ ನೀರಾಗ ಬಾಯಿ ತೊಳಿಸೂದು, ಗೊರಸು ತೊಳಿಸೂದು, ಚಲೋ ದನ ಬ್ಯಾರೆ ಕಟ್ಟಸೂದು. ಮೂವತ್ತು ವರ್ಷ ಪಗಾರ ತಗೊಂಡು ಮಾಡೀನಿ. ಕರದ್ರ ಹೋಗದs ಹೆಂಗಿರೂದು?"

ಅವರು ಮಾತು ಬದಲಿಸಿ ಪುಣೆಯಲ್ಲಿ ಮಳೆ ಹೇಗಿದೆ ಅಂತ ಕೇಳಿದರು.

ಮೀಟರ್ ಓಡಿಸುವ ಮುನ್ನ ಒಂದು ತೀರ್ಮಾನ ಬಾಕಿ ಇತ್ತು. ಗೆಳೆಯ, ನಿಜವಾದ ಓಟ ಗೊತ್ತಾಯಿತಲ್ಲ, ಮೀಟರ್ ಬಿಚ್ಚಿ ಉರುಳೆಗಳನ್ನು 1,43,000ದ ಅಂದಾಜಿಗೆ ಕೂರಿಸಬಹುದಲ್ಲ ಅಂದ. ಹೆಂಡತಿಯ ಯೋಚನೆ ಬೇರೆ. ಹೊಸ ರಾಜ್ಯ, ಹೊಸ ನಂಬರ್ ಪ್ಲೇಟ್, ಹೊಸ ಕೇಬಲ್, ಸೊನ್ನೆಯಿಂದ ಶುರುವಾದರೆ ಏನು ತಪ್ಪು ಅಂತ ಕೇಳಿದಳು. ಎರಡೂ ನನಗೆ ಒಗ್ಗಲಿಲ್ಲ. ಸೊನ್ನೆ ಅನ್ನುವುದು ಶುದ್ಧ ಸುಳ್ಳು. 1,43,000 ಅಂದಾಜು, ಅಂದಾಜನ್ನು ಅಳತೆಯ ಜಾಗದಲ್ಲಿ ಕೂರಿಸುವುದು ಆಫೀಸಿನಲ್ಲೂ ನಾವು ಮಾಡದ ಕೆಲಸ. ಗಾಡಿಯ ನಂಬರ್ ಬದಲಾಗುತ್ತಿದೆ, ಆರ್.ಸಿ.ಯಲ್ಲಿ ಹೆಸರು ಬದಲಾಗುತ್ತಿದೆ, ಸೀಟು, ಟಯರ್, ಚೈನ್ ಎಲ್ಲ ಬದಲಾಗಿವೆ. ಅಪ್ಪ ಓಡಿಸಿದ್ದಕ್ಕೆ ಗಾಡಿಯ ಮೇಲೆ ಉಳಿದಿರುವ ಬರಹ ಅದೊಂದೇ ಸಂಖ್ಯೆ. ಅದು ಅಲ್ಲಿಂದಲೇ ಮುಂದೆ ಹೋಗಲಿ, ನಡುವೆ ಬಿಟ್ಟುಹೋದದ್ದು ಕಾಗದದಲ್ಲಿ ಇರಲಿ ಅಂತ ನಿರ್ಧರಿಸಿದೆ.

ಗಾಡಿಯ ಜೊತೆ ಬಂದಿದ್ದ ಹಳೆಯ ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ಏನು ಬರೆಯಲಿ ಅಂತ ಅಪ್ಪನನ್ನೇ ಕೇಳಿದೆ. ಇಲಾಖೆಯ ರಿಜಿಸ್ಟರಿಗೆ ಹೇಳಿ ಬರೆಸುವ ದನಿಯಲ್ಲಿ ಹೇಳಿದರು: "81,746ಕ್ಕೆ ಮೀಟರ್ ನಿಂತಿತ್ತು, ಗಾಡಿ ನಿಂತಿರಲಿಲ್ಲ ಅಂತ ಬರಿ. ಪೆಟ್ರೋಲ್ 1,046 ಲೀಟರ್ ಅಂತ ಬರಿ. ಕಿಲೋಮೀಟರ್ ಬರೀಬ್ಯಾಡ, ಅದಕ್ಕ ಪುರಾವೆ ಇಲ್ಲ." ಹಾಗೆಯೇ ಬರೆದಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಹಿಂಜವಡಿಯ ಫೇಸ್ ಮೂರರ ಖಾಲಿ ರಸ್ತೆಯಲ್ಲಿ ಫೋನಿನ ಜಿ.ಪಿ.ಎಸ್. ಹಚ್ಚಿ ಪರೀಕ್ಷೆ ಮಾಡಿದೆ. ಜಿ.ಪಿ.ಎಸ್. 37 ತೋರಿಸುವಾಗ ಮುಳ್ಳು 40ರ ಮೇಲಿತ್ತು. ಇದು ದೋಷವಲ್ಲ. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಬಾರದು ಅಂತ ತಯಾರಕರು ಬೇಕೆಂದೇ ಸ್ವಲ್ಪ ಮೇಲಕ್ಕೆ ಇಡುತ್ತಾರೆ. ಹತ್ತು ಕಿಲೋಮೀಟರಿಗೆ ಓಡೋಮೀಟರ್ ತೋರಿಸಿದ್ದು 10.2. ಹಲ್ಲಿನ ಲೆಕ್ಕ ಸರಿ ಇತ್ತು. ವಾರದ ನಂತರ ತಪಾಸಣೆಯಲ್ಲೂ ಗಾಡಿ ಪಾಸಾಯಿತು.

ನಿಮ್ಮ ಮನೆಯಲ್ಲೂ ಊರಿನಿಂದ ತಂದ ಹಳೆಯ ಬೈಕೊಂದು ಮೀಟರ್ ನಿಂತು ಓಡುತ್ತಿದ್ದರೆ, ಒಂದು ಭಾನುವಾರ ಅದಕ್ಕೆ ಕೊಡಿ. ಹಲ್ಲುಚಕ್ರ ಒಂದನ್ನೇ ಹಾಕಬೇಡಿ, ಕೇಬಲ್ಲಿಗೂ ಎಣ್ಣೆ ಬಿಡಿ ಇಲ್ಲವೇ ಹೊಸದು ಹಾಕಿ, ಹಳೆಯ ಗ್ರೀಸ್ ಪೂರ್ತಿ ಒರೆಸಿ, ಹಲ್ಲುಗಳನ್ನು ಎಣಿಸಿ. ವರ್ಷಕ್ಕೊಮ್ಮೆ ಮುಂದಿನ ಬ್ರೇಕ್ ಬಿಚ್ಚಿದಾಗ ಅಲ್ಲಿ ಹೊಸ ಗ್ರೀಸ್ ಮುಟ್ಟಿಸಿ. ಬಿಚ್ಚುವ ಮೊದಲು ಮೀಟರಿನ ಸಂಖ್ಯೆಯ ಫೋಟೋ ಒಂದು ತೆಗೆದಿಟ್ಟುಕೊಳ್ಳಿ, ಮತ್ತು ಸಾಧ್ಯವಿದ್ದರೆ ಅದನ್ನು ಓಡಿಸಿದವರಿಗೆ ಫೋನ್ ಮಾಡಿ.

ನಮ್ಮ ಗಾಡಿ ಈ ವಾರ 82,311ರಲ್ಲಿದೆ. ಆ ಅಂಕಿಯನ್ನು ನಿನ್ನೆ ಪೆಟ್ರೋಲ್ ಬಂಕಿನಲ್ಲಿ ಬರೆದುಕೊಂಡೆ. 3 ಲೀಟರ್, ವಾಕಡ್, ಮಗಳ ತಬಲಾ ಕ್ಲಾಸು.